ಕಾರಣದ ಕಾಲಂ ಖಾಲಿ

ನನ್ನ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ತೆರಿಗೆ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದಳು. ಅಷ್ಟು ಹೇಳಿದರೆ ಸಾಕು, ಎದುರಿಗೆ ಕೂತವರು ಕುರ್ಚಿಯನ್ನು ಒಂಚೂರು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. "ಗಾಬರಿ ಬೇಡ, ನಾನು ತೆರಿಗೆ ಹಾಕೋಳಲ್ಲ, ಬಿಡಿಸೋಳು" ಎಂದು ಅವಳು ನಗುತ್ತಿದ್ದಳು. ಸುಳ್ಳಲ್ಲ. ಅವಳಿದ್ದದ್ದು ವಿನಾಯಿತಿ ವಿಭಾಗದಲ್ಲಿ. ವಾಚನಾಲಯ ನಡೆಸುವವರು, ಅಂಧರಿಗೆ ಪಾಠ ಹೇಳುವವರು, ಕೆರೆಯ ಕಸ ತೆಗೆಯುವವರು, ಹೀಗೆ ಲಾಭದ ಆಸೆಯಿಲ್ಲದೆ ನಾಲ್ಕು ಜನಕ್ಕೆ ಉಪಕಾರ ಮಾಡುವ ಸಂಘಗಳು ತಮಗೆ ಬರುವ ದೇಣಿಗೆಗೆ ತೆರಿಗೆ ಬೇಡವೆಂದು ಅಲ್ಲಿ ಅರ್ಜಿ ಹಾಕುತ್ತಿದ್ದವು. ಸಂಘ ಹೇಳಿದ ಕೆಲಸವನ್ನು ನಿಜಕ್ಕೂ ಮಾಡುತ್ತಿದೆಯೋ, ಇಲ್ಲ ಸೇವೆಯ ಮುಸುಕು ಹಾಕಿಕೊಂಡು ಯಾವುದಾದರೂ ಪಕ್ಷಕ್ಕೆ ಓಟು ಕೇಳುತ್ತಿದೆಯೋ ಎಂದು ನೋಡಿ ಒಪ್ಪಿಗೆ ಬರೆಯುವುದು ಅವಳ ಕೆಲಸ.

ಎರಡನೇ ಮಹಡಿಯ ಆ ಕೋಣೆಯನ್ನು ನಾನು ಚಿಕ್ಕವಳಿದ್ದಾಗಿನಿಂದ ನೋಡಿದ್ದೇನೆ. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ ಕೈಗೆ ಸಿಗುವಂತಿತ್ತು. ನಡುಮಧ್ಯಾಹ್ನವೂ ದೀಪ ಉರಿಯಬೇಕು. ಮೇಜಿನ ಒಂದು ಕಾಲು ಗಿಡ್ಡ, ಅದಕ್ಕೆ ರಟ್ಟು ಮಡಚಿ ಕೊಟ್ಟಿದ್ದರು. ಮೊದಲು ಬಂದ ಅರ್ಜಿ ಮೊದಲು, ಇದು ದೊಡ್ಡಮ್ಮನ ಕಾನೂನು. ಒಮ್ಮೆ ಯಾರೋ ಮಂತ್ರಿಗಳ ಮಾವ ತಮ್ಮ ಸಂಘದ ಅರ್ಜಿಯನ್ನು ಮೇಲಕ್ಕೆ ಹಾಕಿಸಲು ಬಂದಿದ್ದರಂತೆ. "ನೀವು ಅವರಿಗೆ ಮಾವ ಸರಿ. ಅರ್ಜಿಗೆ ಮಾವ ಇರಲ್ವಲ್ಲ" ಎಂದು ಕೂರಿಸಿದ್ದಳು. ಅಂದಿನಿಂದ ಕಚೇರಿಯಲ್ಲಿ ಅವಳ ಹೆಸರು 'ಸರದಿಯಮ್ಮ' ಎಂದೇ ಆಯಿತು.

ದೊಡ್ಡಪ್ಪ ಅಚ್ಚುಕೂಟದಲ್ಲಿ ಯಂತ್ರ ನಡೆಸುತ್ತಿದ್ದ. ಉಗುರಿನ ಸಂದಿಯಲ್ಲಿ ಯಾವಾಗಲೂ ಶಾಯಿ. ಎಲ್ಲ ಪಕ್ಷಗಳ ಭಿತ್ತಿಪತ್ರಗಳೂ ಅವನ ಕೈಯಿಂದಲೇ ಹೊರಬರುತ್ತಿದ್ದವು, ಆದರೆ ಅವನ ಜೀವವೆಲ್ಲ ಒಂದೇ ಪಕ್ಷದ ಮೇಲೆ. "ಹೊಟ್ಟೆಗೆ ಎಲ್ಲಾ ಬಣ್ಣನೂ ಸರಿ, ಎದೆಗೆ ಒಂದೇ" ಎನ್ನುತ್ತಿದ್ದ. ಸಂಜೆಯಾದರೆ ಪಕ್ಷದ ಕಚೇರಿ, ಸಭೆ, ವಾದ. ದೊಡ್ಡಮ್ಮ ಮಾತ್ರ ರಾಜಕೀಯದ ಸುದ್ದಿಗೇ ಹೋಗುತ್ತಿರಲಿಲ್ಲ. ಪ್ರತಿ ಚುನಾವಣೆಯಲ್ಲೂ ಮತ ಹಾಕಿ ಬರುವ ದಾರಿಯಲ್ಲಿ ಅವನು ಕೇಳುವುದು ತಪ್ಪುತ್ತಿರಲಿಲ್ಲ.

"ಯಾರಿಗೆ ಹಾಕಿದ್ಯೇ?"

"ಪೆಟ್ಟಿಗೆಗೆ ಹಾಕ್ದೆ."

ಆ ವರ್ಷ ಅಧಿಕಾರದಲ್ಲಿದ್ದದ್ದು ದೊಡ್ಡಪ್ಪನಿಗೆ ಆಗದ ಪಕ್ಷ. ಚುನಾವಣೆ ದೂರವಿರಲಿಲ್ಲ. ವಿನಾಯಿತಿ ವಿಭಾಗದ ಮುಖ್ಯಸ್ಥರು ಯಾವ ಮಾತನ್ನೂ ಗಟ್ಟಿಯಾಗಿ ಹೇಳಿದವರಲ್ಲ, ಕಾಗದದ ಮೇಲಂತೂ ಮೊದಲೇ ಇಲ್ಲ. ಅದಕ್ಕೇ ಎಲ್ಲರೂ ಅವರನ್ನು ಬೆನ್ನ ಹಿಂದೆ 'ಪಿಸು ಸಾಹೇಬರು' ಎನ್ನುತ್ತಿದ್ದರು. ಒಂದು ದಿನ ಅವರು ದೊಡ್ಡಮ್ಮನ ಮೇಜಿನ ಮೇಲೆ ಬಾಗಿದರು.

"ಮೇಡಂ, ಸಂಘದ ಹೆಸರಲ್ಲಿ 'ಜಾಗೃತಿ', 'ಎಚ್ಚರ', 'ತೆರಿಗೆದಾರರು' ಅಂತೇನಾದ್ರೂ ಇದ್ರೆ ಮೂಲೆ ಬೀರುಗೆ ಹಾಕ್ಬಿಡಿ. ಆಮೇಲೆ ನೋಡೋಣ."

"ಯಾಕೆ ಸಾರ್?"

"ಮೇಲಿಂದ ಬಂದಿದೆ."

"ಮೇಲಿಂದ ಕಾಗದ ಬಂದಿದ್ಯಾ?"

ಸಾಹೇಬರು ಕಿವಿ ಕೇಳದವರಂತೆ ನಡೆದರು. ಅಂಥ ಹೆಸರು ಇಟ್ಟುಕೊಳ್ಳುವವರು ಹೆಚ್ಚಾಗಿ ವಿರೋಧ ಪಕ್ಷದ ಕಡೆಯವರು ಎಂಬುದು ಕಚೇರಿಗೆಲ್ಲ ಗೊತ್ತಿತ್ತು. ದೊಡ್ಡಮ್ಮ ತನ್ನ ಪಾಡಿಗೆ ಸರದಿಯಂತೆ ಅರ್ಜಿ ನೋಡುತ್ತಲೇ ಇದ್ದಳು. ಆದರೆ ಬೆಳಿಗ್ಗೆ ಬಂದು ನೋಡಿದರೆ ಅವಳ ಮೇಜಿನ ಕಟ್ಟಿನಿಂದಲೇ ಅರ್ಜಿಗಳು ಎದ್ದು ಮೂಲೆಯ ಬೀರು ಸೇರಿರುತ್ತಿದ್ದವು. ಬೀರುವಿನ ಕೀಲಿ ಸಾಹೇಬರ ಜೇಬಿನಲ್ಲಿ. ಪಕ್ಕದ ಮೇಜಿನ ಗುಮಾಸ್ತ, ಸಂಸಾರವಂದಿಗ, ತಲೆ ತಗ್ಗಿಸಿಕೊಂಡು ಆ ಸಂಘಗಳಿಗೆ ಪ್ರಶ್ನೆಗಳ ಪತ್ರ ಕಳಿಸುತ್ತಿದ್ದ.

ಅಂಥ ಒಂದು ಪತ್ರ ಹಿಡಿದುಕೊಂಡು ಒಬ್ಬ ನಿವೃತ್ತ ದಾದಿ ಮೆಟ್ಟಿಲು ಹತ್ತಿ ಬಂದರು. ಮಂಡಿನೋವು ಬೇರೆ. ದೊಡ್ಡಮ್ಮನ ಎದುರಿನ ಕುರ್ಚಿಯಲ್ಲಿ ಕೂತು ಏದುಸಿರು ಬಿಡುತ್ತಾ ಪತ್ರ ಚಾಚಿದರು.

"ನಮ್ಮದು ಎಚ್ಚರ ಬಳಗ ಅಂತ ಕಣಮ್ಮ. ಸಭೆಗೆ ಯಾರ್ಯಾರು ಬರ್ತಾರೆ, ಏನು ಮಾತಾಡ್ತಾರೆ, ಮನೇಲಿ ಯಾವ ಪುಸ್ತಕ ಓದ್ತಾರೆ, ಎಲ್ಲಾ ಬರೆದು ಕಳಿಸ್ಬೇಕಂತೆ."

"ನಿಮ್ಮ ಬಳಗ ಏನು ಮಾಡುತ್ತೆ ಅಮ್ಮಾ?"

"ವಯಸ್ಸಾದೋರಿಗೆ ಮಾತ್ರೆ ಹೊತ್ತುಹೊತ್ತಿಗೆ ತಗೊಳ್ಳೋದು ಹೇಳಿಕೊಡ್ತೀವಿ. ಬಚ್ಚಲಲ್ಲಿ ಜಾರದ ಹಾಗೆ ಹಿಡಿ ಹಾಕಿಸಿಕೊಡ್ತೀವಿ. ಬಚ್ಚಲಲ್ಲಿ ಜಾರಬೇಡಿ ಅನ್ನೋದು ಯಾವ ಪಕ್ಷದ ಪ್ರಣಾಳಿಕೆ, ನೀವೇ ಹೇಳಿ!"

ಗುಮಾಸ್ತ ಎದ್ದು ಹೊರಗೆ ಹೋದ. ದೊಡ್ಡಮ್ಮನಿಗೆ ನಗು ಬರಲಿಲ್ಲ. ಆ ಮುದುಕಿಯ ಮುಂದೆ ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತ್ತು ಎಂದು ಆಮೇಲೆ ನಮಗೆ ಹೇಳಿದಳು. ಅವರನ್ನು ಕೆಳಗಿನವರೆಗೆ ಕೈಹಿಡಿದು ಇಳಿಸಿ ಬಂದವಳೇ ನೇರ ಹಳೆಯ ತರಬೇತಿ ಕೋಣೆಗೆ ಹೋದಳು. ಅಲ್ಲಿ ಧೂಳು ತಿನ್ನುತ್ತಿದ್ದ ಕರಿಹಲಗೆಯನ್ನು ಕಾವಲುಗಾರನ ಜೊತೆ ಎತ್ತಿಕೊಂಡು ಬಂದು ಸಾರ್ವಜನಿಕರು ಕೂರುವ ಪಡಸಾಲೆಯಲ್ಲಿ ನಿಲ್ಲಿಸಿದಳು. ಮೂರು ಕಾಲಂ ಎಳೆದಳು. ಈಗ ನೋಡುತ್ತಿರುವ ಅರ್ಜಿಯ ಸಂಖ್ಯೆ. ಬದಿಗಿಟ್ಟ ಅರ್ಜಿಯ ಸಂಖ್ಯೆ. ಕಾರಣ. ಹೆಸರು ಬರೆಯಲಿಲ್ಲ, ಅದು ಸಂಘದವರ ಗುಟ್ಟು. ತಂತಮ್ಮ ಸಂಖ್ಯೆ ಅವರವರಿಗೆ ಗೊತ್ತಿರುತ್ತದೆ. ಮೊದಲ ಎರಡು ಕಾಲಂ ತುಂಬಿದವು. ಮೂರನೆಯದನ್ನು ಹಾಗೇ ಬಿಟ್ಟಳು.

ಪಿಸು ಸಾಹೇಬರು ಜೀವಮಾನದಲ್ಲಿ ಮೊದಲ ಸಲ ಗಟ್ಟಿಯಾಗಿ ಮಾತಾಡಿದ್ದು ಅವತ್ತೇ.

"ಏನ್ರೀ ಇದು? ಕಾರಣ ಯಾಕೆ ಖಾಲಿ ಬಿಟ್ಟಿದ್ದೀರಿ?"

"ನೀವು ಕೊಟ್ಟಿಲ್ವಲ್ಲ ಸಾರ್. ಕೊಡಿ, ಬರೀತೀನಿ."

"ಅಳಿಸಿ ಮೊದಲು!"

"ಅಳಿಸಿ ಅಂತ ಬರೆದುಕೊಡಿ. ಈ ಕ್ಷಣ ಅಳಿಸ್ತೀನಿ."

ಪಡಸಾಲೆಯ ಬೆಂಚುಗಳಲ್ಲಿ ಕೂತವರೆಲ್ಲ ಕತ್ತು ಚಾಚಿ ನೋಡುತ್ತಿದ್ದರು. ಸಾಹೇಬರು ಬರೆದುಕೊಡಲಿಲ್ಲ. ಹಲಗೆ ಉಳಿಯಿತು. ದಿನ ಕಳೆದ ಹಾಗೆ ಜನ ಬಂದು ತಮ್ಮ ಸಂಖ್ಯೆ ಹುಡುಕುವುದು, ಖಾಲಿ ಜಾಗದ ಮೇಲೆ ಬೆರಳಿಟ್ಟು "ಇಲ್ಲೇನೂ ಇಲ್ವಲ್ಲ" ಎನ್ನುವುದು ಶುರುವಾಯಿತು. ಒಬ್ಬರಿಗೊಬ್ಬರು ಪರಿಚಯವಾಗಿ ಹೆಸರು ಹೇಳಿಕೊಂಡಾಗ, ಬದಿಗಿಟ್ಟವರ ಹೆಸರುಗಳ ಹೋಲಿಕೆ ಅವರಿಗೇ ಕಂಡಿತು. ಪತ್ರಿಕೆಯವರು ಬಂದರು. ಸರ್ಕಾರ ತನಗಾಗದವರಿಗೆ ವಿನಾಯಿತಿ ತಡೆಯುತ್ತಿದೆ ಎಂಬ ಆರೋಪ ಊರೆಲ್ಲ ಹಬ್ಬಿ, ಕೊನೆಗೆ ವಿಚಾರಣೆಗೆ ಎಲ್ಲ ಪಕ್ಷದವರಿದ್ದ ಸಮಿತಿಯೊಂದು ಕೂತಿತು.

ದೊಡ್ಡಮ್ಮನನ್ನೂ ಕರೆದರು. ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ಕನ್ನಡಕ ಒರೆಸಿಕೊಂಡು ಹೋದಳು. ಆಳುವ ಪಕ್ಷದ ಸದಸ್ಯರು ಮೊದಲ ಬಾಣ ಬಿಟ್ಟರು.

"ನಿಮ್ಮ ಯಜಮಾನರು ವಿರೋಧ ಪಕ್ಷದವರಂತಲ್ಲ?"

"ಹೌದು ಸಾರ್. ಮುಚ್ಚಿಡೋಕೆ ಏನಿದೆ, ಅವರ ಗಂಟಲು ಬೀದಿಗೆಲ್ಲ ಕೇಳಿಸುತ್ತೆ."

ನಗೆಯೆದ್ದಿತು. ವಿರೋಧ ಪಕ್ಷದ ಸದಸ್ಯರು ಹುರುಪಿನಿಂದ ಮುಂದೆ ಬಾಗಿದರು. "ಅಂದ್ರೆ ನಮ್ಮ ಕಡೆಯ ಸಂಘಗಳಿಗೆಲ್ಲಾ ಅನ್ಯಾಯ ಆಗಿದೆ ಅಂತೀರಿ, ಅಲ್ವಾ ತಾಯಿ?"

"ಎಲ್ಲಾ ಸಂಘಗಳಿಗೂ ಅಲ್ಲ ಸಾರ್. ನಿಮ್ಮ ಕಡೆಯವೇ ಕೆಲವನ್ನ ನಾನೇ ತಿರಸ್ಕರಿಸಿದ್ದೀನಿ. ಅವು ಸೇವೆ ಮಾಡ್ತಿರಲಿಲ್ಲ, ಬರೀ ಓಟು ಕೇಳ್ತಿದ್ವು. ಕೆಲಸ ನೋಡಿ ಬೇಡ ಅಂದ್ರೆ ನ್ಯಾಯ, ಹೆಸರು ನೋಡಿ ಬೇಡ ಅಂದ್ರೆ ಅನ್ಯಾಯ. ನನ್ನ ತಕರಾರು ಅಷ್ಟೇ."

ಆ ಸದಸ್ಯರ ಮುಖ ಹುಳ್ಳಗಾಯಿತು. ಬದಿಗಿಡಲು ಹೇಳಿದವರು ಯಾರೆಂದು ಕೇಳಿದಾಗ ಸಾಹೇಬರ ಹೆಸರು ಹೇಳಿದಳು. ಅವರಿಗೆ ಯಾರು ಹೇಳಿದರೆಂಬ ಪ್ರಶ್ನೆಗೆ, "ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಹೇಳಲ್ಲ" ಎಂದು ಎದ್ದು ಬಂದಳು. ಸಾಹೇಬರಿಗೆ ವರ್ಗವಾಯಿತು. ಮೂಲೆಯ ಬೀರು ತೆರೆಯಿತು. ದಾದಿಯ ಎಚ್ಚರ ಬಳಗಕ್ಕೆ ಒಪ್ಪಿಗೆ ಸಿಕ್ಕಿತು.

ಮನೆಯಲ್ಲಿ ದೊಡ್ಡಪ್ಪನ ಕಾಲು ನೆಲದ ಮೇಲಿರಲಿಲ್ಲ. ದೊಡ್ಡಮ್ಮನ ಫೋಟೋ ಹಾಕಿ 'ಸತ್ಯದ ಸೊಲ್ಲು' ಎಂದು ದಪ್ಪಕ್ಷರದ ಭಿತ್ತಿಪತ್ರ ಮಾಡಿಸಿ, ಪಕ್ಷದ ಸಭೆಯಲ್ಲಿ ಅವಳಿಗೆ ಸನ್ಮಾನ ಇಟ್ಟುಕೊಂಡುಬಿಟ್ಟಿದ್ದ. ಅವಳು ಭಿತ್ತಿಪತ್ರವನ್ನು ಒಂದು ಸಲ ನೋಡಿದಳು.

"ಇದರಲ್ಲಿ ಒಂದು ಗೋಡೆ ಮೇಲೆ ಕಂಡ್ರೂ ನಾನು ತಂಗಿ ಮನೆಗೆ ಹೋಗಿ ಇರ್ತೀನಿ. ನಾನು ನಿಮ್ಮ ಪಕ್ಷಕ್ಕೋಸ್ಕರ ಮಾಡಿದ್ದಲ್ಲ ರೀ."

"ಮತ್ತಿನ್ಯಾರಿಗೋಸ್ಕರ?"

"ಬೆಂಚ್ ಮೇಲೆ ಕಾಯ್ತಾ ಕೂತಿರ್ತಾರಲ್ಲ, ಅವರಿಗೋಸ್ಕರ."

ಭಿತ್ತಿಪತ್ರದ ಕಟ್ಟೆಲ್ಲ ರದ್ದಿಗೆ ಹೋಯಿತು. ದೊಡ್ಡಪ್ಪ ಮೂತಿ ಊದಿಸಿಕೊಂಡು ನಮ್ಮ ಮನೆಗೆ ಬಂದು ಅಮ್ಮನ ಹತ್ತಿರ ಗೊಣಗಿ ಕಾಫಿ ಕುಡಿದು ಹೋದ.

ಚುನಾವಣೆ ನಡೆದು ದೊಡ್ಡಪ್ಪನ ಪಕ್ಷವೇ ಗೆದ್ದಿತು. ವಿಭಾಗಕ್ಕೆ ಹೊಸ ಮುಖ್ಯಸ್ಥರು ಬಂದರು. ಕೆಲವೇ ತಿಂಗಳಲ್ಲಿ ಅವರೂ ದೊಡ್ಡಮ್ಮನ ಮೇಜಿನ ಮೇಲೆ ಬಾಗಿದರು. ಈ ಸಲ ಬದಿಗಿಡಬೇಕಾದ ಹೆಸರುಗಳು ಬೇರೆ. 'ಹಕ್ಕು', 'ಸಮಾನತೆ', 'ದುಡಿಯುವವರು'. ಬೀರು ಮಾತ್ರ ಅದೇ. ದೊಡ್ಡಮ್ಮ ಸೀಮೆಸುಣ್ಣ ತೆಗೆದುಕೊಂಡು ಪಡಸಾಲೆಗೆ ನಡೆದು, ಬದಿಗೆ ಹೋದ ಸಂಖ್ಯೆಗಳನ್ನು ಮತ್ತೆ ಹಲಗೆಯ ಮೇಲೆ ಬರೆದಳು. ಕಾರಣದ ಕಾಲಂ ಮತ್ತೆ ಖಾಲಿ.

ಆ ಭಾನುವಾರ ದೊಡ್ಡಪ್ಪನ ಪಕ್ಷದ ಮೂವರು ಮುಖಂಡರು ಮನೆಗೇ ಬಂದರು. ನಾನೂ ಅಲ್ಲಿದ್ದೆ. ಅವರು ದೊಡ್ಡಮ್ಮನ ಕಡೆ ನೋಡಲೂ ಇಲ್ಲ, ದೊಡ್ಡಪ್ಪನನ್ನೇ ಹಿಡಿದುಕೊಂಡರು.

"ಅಣ್ಣಾ, ಅತ್ತಿಗೆಗೆ ಒಂದು ಮಾತು ಹೇಳಿ. ಆವಾಗ ಹಲಗೆ ಬರೆದದ್ದು ಸರಿ. ಈಗ ನಮ್ಮೋರೇ ಇದಾರಲ್ಲ, ಈಗ ಯಾಕೆ?"

ದೊಡ್ಡಪ್ಪ ಉಗುರಿನ ಶಾಯಿ ಕೆರೆಯುತ್ತಾ ಕೂತ. ಯೌವನವೆಲ್ಲ ಸವೆಸಿದ ಪಕ್ಷ. ದೊಡ್ಡಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಅವನಿಗೆ ಕಣ್ಸನ್ನೆಯನ್ನೂ ಮಾಡಲಿಲ್ಲ.

"ಆವಾಗ ಸರಿ ಅಂದ್ರಿ ತಾನೇ?" ಎಂದ ದೊಡ್ಡಪ್ಪ ಕೊನೆಗೆ.

"ಅಂದ್ವಿ ಅಣ್ಣಾ, ಆದ್ರೆ…"

"ಆದ್ರೆ ಗೀದ್ರೆ ಇಲ್ಲ. ಆವಾಗ ಸರಿಯಾದದ್ದು ಈಗ್ಲೂ ಸರಿ. ಕಾಫಿ ಬೇಕಾದ್ರೆ ಕುಡೀರಿ, ಈ ಮಾತು ಬೇಡ."

ಅವರು ಕಾಫಿ ಕುಡಿಯಲಿಲ್ಲ.

ಮರುವಾರವೇ ದೊಡ್ಡಮ್ಮನನ್ನು ನೆಲಮಾಳಿಗೆಯ ಹಳೇ ಕಡತಗಳ ಕೋಣೆಗೆ ಹಾಕಿದರು. ಗಾಳಿಯಿಲ್ಲ, ಜನರಿಲ್ಲ, ಇರುವುದು ಧೂಳು ಮತ್ತು ಸೀನು. ಬೇಜಾರಾಯಿತೆಂದು ಅವಳು ಒಪ್ಪಿಕೊಂಡಳು. ಆದರೆ ಮರುದಿನ ಮಧ್ಯಾಹ್ನ ಊಟಕ್ಕೆಂದು ಮೇಲೆ ಬಂದಾಗ ಪಡಸಾಲೆಯಲ್ಲಿ ಗುಮಾಸ್ತ ನಿಂತಿದ್ದ. ದಾದಿಗೆ ಪತ್ರ ಕಳಿಸಿದ್ದ ಅದೇ ಗುಮಾಸ್ತ. ಬೆರಳೆಲ್ಲ ಸುಣ್ಣದ ಪುಡಿ, ಹಲಗೆಯ ಮೇಲೆ ಆ ದಿನದ ಸಂಖ್ಯೆಗಳು. ದೊಡ್ಡಮ್ಮನನ್ನು ಕಂಡು ನಾಚಿಕೊಂಡ.

"ನನ್ನ ಅಕ್ಷರ ನಿಮ್ಮಷ್ಟು ದುಂಡಗಿಲ್ಲ ಮೇಡಂ."

"ಓದೋಕೆ ಬಂದ್ರೆ ಸಾಕಪ್ಪ" ಎಂದಳಂತೆ. ಅದನ್ನು ನಮಗೆ ಹೇಳುವಾಗ ಅವಳ ಕಣ್ಣು ತುಂಬಿತ್ತು. ತಾನು ಸಮಿತಿಯ ಮುಂದೆ ಹೇಳಿದ್ದಕ್ಕಿಂತ ಅವನು ಹಲಗೆ ಮುಟ್ಟಿದ್ದೇ ದೊಡ್ಡದು ಎಂಬುದು ಅವಳ ವಾದ.

ಗುಮಾಸ್ತನನ್ನೂ ಎತ್ತಂಗಡಿ ಮಾಡಬಹುದಿತ್ತು. ಆದರೆ ಅಷ್ಟರಲ್ಲಿ ಪಡಸಾಲೆಯ ಜನರಿಗೆ ಹಲಗೆ ನೋಡುವುದು ರೂಢಿಯಾಗಿಬಿಟ್ಟಿತ್ತು. ಎರಡೂ ಕಡೆಯ ಸಂಘದವರು ಒಟ್ಟಾಗಿ ನ್ಯಾಯಾಲಯಕ್ಕೆ ಹೋದರು. ಮುಂದಾಳತ್ವ ವಹಿಸಿದವರು ನಮ್ಮ ದಾದಿ, ಅದೂ ತಮ್ಮ ಒಪ್ಪಿಗೆ ಆಗಲೇ ಕೈಗೆ ಬಂದಿದ್ದರೂ. ಕೊನೆಗೆ ಆದೇಶ ಹೊರಬಿತ್ತು. ಯಾವ ಸಂಘದ ಅರ್ಜಿಯನ್ನೂ ಹೆಸರು ನೋಡಿ ತಡೆಯುವಂತಿಲ್ಲ, ತಡೆದರೆ ಕಾರಣವನ್ನು ಬರಹದಲ್ಲಿ ಕೊಡಬೇಕು, ಯಾವ ಸಂಖ್ಯೆ ಎಲ್ಲಿದೆ ಎಂಬುದನ್ನು ಪ್ರತಿ ಕಚೇರಿಯಲ್ಲೂ ಎಲ್ಲರಿಗೂ ಕಾಣುವಂತೆ ಹಾಕಬೇಕು. ದೊಡ್ಡಮ್ಮನ ಹೆಸರು ಅದರಲ್ಲೆಲ್ಲೂ ಇರಲಿಲ್ಲ. ನಿವೃತ್ತಿಯವರೆಗೂ ಅವಳು ನೆಲಮಾಳಿಗೆಯಲ್ಲೇ ಉಳಿದಳು.

ಆದೇಶ ಬಂದ ದಿನ ಸಂಜೆ ಅವಳು ಕಚೇರಿಯಿಂದ ಹೊರಬಂದಾಗ ಗೇಟಿನ ಹತ್ತಿರ ದೊಡ್ಡಪ್ಪ ನಿಂತಿದ್ದ. ಯಂತ್ರ ಅರ್ಧಕ್ಕೇ ನಿಲ್ಲಿಸಿ, ಕೈ ತಿಕ್ಕಿ ತೊಳೆದು, ಮದುವೆಮನೆಗೆ ಹೊರಟವನ ಹಾಗೆ ತಲೆ ಬಾಚಿಕೊಂಡು ಬಂದಿದ್ದ. ಬಸ್ಸು ಬೇಡವೆಂದ. ಇಬ್ಬರೂ ದೊಡ್ಡ ರಸ್ತೆಯಲ್ಲಿ ನಡೆದೇ ಬಂದರು. ಗುರುತಿನವರು ಸಿಕ್ಕಿದಲ್ಲೆಲ್ಲ, ಹಣ್ಣಿನ ಅಂಗಡಿಯವನ ಮುಂದೆ, ಕ್ಷೌರದವನ ಬಾಗಿಲಲ್ಲಿ, ಎದುರು ಪಕ್ಷದ ಹಳೆಯ ವೈರಿಯೊಬ್ಬ ಎದುರಾದಾಗಲೂ, ದೊಡ್ಡಪ್ಪ ನಿಂತು, ಅವಳನ್ನು ಮುಂದಕ್ಕೆ ಬಿಟ್ಟುಕೊಂಡು ಹೇಳಿದ.

"ಇವಳು ನನ್ನ ಹೆಂಡ್ತಿ."

"ಗೊತ್ತಿಲ್ವೇನಪ್ಪಾ, ಇಷ್ಟು ವರ್ಷದಿಂದ ನೋಡ್ತಿದ್ದೀವಿ" ಎಂದು ಅವರು ನಕ್ಕರೆ, "ಗೊತ್ತಿದ್ರೂ ಇರಲಿ, ಇನ್ನೊಂದ್ಸಲ ಕೇಳಿಸ್ಕೊಳ್ಳಿ" ಎನ್ನುತ್ತಾ ನಡೆದ.