ಸ್ವಂತ ಬುದ್ಧಿಯಿಲ್ಲದ ಪ್ರಿಂಟರು

ಮೊನ್ನೆ ಹೊಸೂರಿನ ಇ-ಸೇವೆ ಅಂಗಡಿಯಲ್ಲಿ ಪಿಂಚಣಿಯ ಕಾಗದವೊಂದನ್ನು ಪ್ರಿಂಟು ಹಾಕಿಸಿಕೊಂಡೆ. ಹಾಳೆ ಇನ್ನೂ ಬಿಸಿಯಾಗಿತ್ತು. ಆ ಬೆಂದ ಮಸಿಪುಡಿಯ ವಾಸನೆ ನಿಮಗೂ ಗೊತ್ತಿರಬಹುದು. ಅದು ಮೂಗಿಗೆ ಬಡಿದರೆ ನನಗೆ ಶಾಂತಮ್ಮನವರ ಮುಖ ಕಾಣುತ್ತದೆ.

ಶಾಂತಮ್ಮ ನಮ್ಮ ಕನ್ನಡ ಶಾಲೆಯ ಗುಮಾಸ್ತೆಯಾಗಿದ್ದರು. ದಿನಾ ಉದ್ದನಪಲ್ಲಿಯಿಂದ ಬಸ್ಸಿನಲ್ಲಿ ಬರುವವರು. ತಮಿಳಿನ ಸುತ್ತೋಲೆಯನ್ನು ಓದುತ್ತಲೇ ಕನ್ನಡದಲ್ಲಿ ಟೈಪು ಮಾಡಬಲ್ಲವರು. ನಾನು ಗಣಿತ ಹೇಳುತ್ತಿದ್ದೆ. ಗಣಿತದವರು ವ್ಯಾಪಾರದಲ್ಲಿ ಮೋಸ ಹೋಗುವುದಿಲ್ಲವೆಂಬ ನಂಬಿಕೆಯಿಂದಲೋ ಏನೋ, ಶಾಲೆಗೆ ಪ್ರಿಂಟರು ತರುವ ಕೆಲಸ ನನಗೇ ಬಂತು. ಅಂಗಡಿಯವರು ತೋರಿಸಿದ ಎರಡೂ ಅಣ್ಣತಮ್ಮಂದಿರಂತಿದ್ದವು. ಮೂಡಿಸುವುದು ಅದೇ ಕಪ್ಪು ಅಕ್ಷರ ತಾನೇ ಎಂದು ಅಗ್ಗದ್ದನ್ನು ತಂದೆ. ಒಂದು ವಾರ ಆ ಜಾಣತನವನ್ನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಅರ್ಧವಾರ್ಷಿಕ ಪರೀಕ್ಷೆಯ ಬೆಳಿಗ್ಗೆ ಕಚೇರಿಯ ಕಂಪ್ಯೂಟರು ಕೆಟ್ಟು ಕೂತಿತು. ನನ್ನ ಪ್ರಶ್ನೆಪತ್ರಿಕೆ ಪೆನ್‌ಡ್ರೈವಿನಲ್ಲಿತ್ತು. ಮುಖ್ಯೋಪಾಧ್ಯಾಯರು ತಮ್ಮ ಹೊಸ ಲ್ಯಾಪ್‌ಟಾಪು ಕೊಟ್ಟರು. ಶಾಂತಮ್ಮ ಪ್ರಿಂಟರಿನ ತಂತಿಯನ್ನು ಅದಕ್ಕೆ ಸಿಕ್ಕಿಸಿದರು. ದೀಪ ಮಿಣುಕಿತೇ ಹೊರತು ಹಾಳೆ ಬರಲಿಲ್ಲ. ಮಕ್ಕಳು, ಮೇಷ್ಟ್ರುಗಳು ಬಾಗಿಲಲ್ಲಿ ಸೇರಿದರು.

"ನೆನ್ನೆಗಂಟ ಚೆನ್ನಾಗೇ ಇತ್ತು ಟೀಚರ್. ನಾನೇನೂ ಮಾಡಿಲ್ಲ," ಎಂದರು ಶಾಂತಮ್ಮ.

"ನಿಮಗೆ ಮಿಷನ್ ಮುಟ್ಟೋಕೇ ಬರಲ್ಲ. ಕೈಯಿಟ್ಟಿದ್ದೆಲ್ಲ ಹಾಳು!" ಎಂದೆ, ಅಷ್ಟೂ ಜನರ ಮುಂದೆ.

ಅವರು ಲ್ಯಾಪ್‌ಟಾಪನ್ನು ತರಗತಿಗೆ ಎತ್ತಿಕೊಂಡು ಹೋಗಿ, ನೋಡಿಕೊಂಡು ಇಡೀ ಪ್ರಶ್ನೆಪತ್ರಿಕೆಯನ್ನು ಕರಿಹಲಗೆಯ ಮೇಲೆ ಬರೆದರು. ಪರೀಕ್ಷೆ ನಡೆಯಿತು.

ಮಧ್ಯಾಹ್ನ ತೊರಪಲ್ಲಿಯಿಂದ ರಿಪೇರಿಯ ಮುನಿರಾಜು ಬಂದ.

"ಇದ್ರಾಗೆ ಏನೂ ಕೆಟ್ಟಿಲ್ಲ ಮೇಡಂ. ಅಗ್ಗದ್ದಕ್ಕೆ ಸ್ವಂತ ಬುದ್ಧಿ ಇರಲ್ಲ. ಪೂರಾ ಹಾಳೇನ ಕಂಪ್ಯೂಟರೇ ಚುಕ್ಕಿ ಚುಕ್ಕಿಯಾಗಿ ಬುಡಿಸಿ ಕಳಿಸ್ಬೇಕು. ಆ ಚುಕ್ಕಿಗೆ ಮಸಿ ಮೆತ್ತೋದಷ್ಟೇ ಇದರ ಕೆಲ್ಸ."

"ಮತ್ತೆ ದುಬಾರಿಯದು?"

"ಅದ್ರೊಳ್ಗೇ ಒಂದ್ ಸಣ್ಣ ಕಂಪ್ಯೂಟರ್ ಇರ್ತೈತೆ. ಇಂಥ ಅಕ್ಷರ ಇಂಥ ಕಡೆ ಅಂದ್ರೆ ಸಾಕು, ಉಳಿದಿದ್ದು ಅದೇ ನೋಡ್ಕೊಂತೈತೆ. ಅದನ್ನ ತೆಗ್ದಿರೋದ್ಕೇ ಇದು ಅಗ್ಗ. ಚುಕ್ಕಿ ಬುಡಿಸೋ ಸಾಫ್ಟ್‌ವೇರು ಆ ಕೆಟ್ಟಿರೋ ಕಂಪ್ಯೂಟರ್‌ನಾಗಿತ್ತು, ಈ ಹೊಸ ಲ್ಯಾಪ್‌ಟಾಪ್‌ನಾಗೆ ಇಲ್ಲ. ಆಯಮ್ಮ ತಾನೇ ಏನ್ ಮಾಡಾಳು?"

ಆ ಸಂಜೆಯೇ ಶಾಂತಮ್ಮನವರಿಗೆ ಒಂದು ಮಾತು ಹೇಳಬಹುದಿತ್ತು. ನಾಳೆ ಹೇಳೋಣ ಎಂದುಕೊಂಡೆ. ಹಾಗೆ ಅಂದುಕೊಳ್ಳುತ್ತಲೇ ಇಬ್ಬರೂ ನಿವೃತ್ತರಾದೆವು.

ಮೊನ್ನೆ ಆ ಇ-ಸೇವೆ ಅಂಗಡಿಯಿಂದ ಯಾಕೋ ಮನೆಗೆ ಹೋಗದೆ ಉದ್ದನಪಲ್ಲಿಯ ಬಸ್ಸು ಹತ್ತಿದೆ. ಶಾಂತಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ನಿಂತೇ ಹೇಳಿದೆ, ಅವತ್ತಿನ ತಪ್ಪು ನನ್ನದು ಎಂದು.

"ಎಲ್ಲಾ ನೆನ್ಪೈತೆ ಟೀಚರ್," ಎಂದರು ತಲೆಯೆತ್ತದೆ. "ಅವತ್ತು ಎಲ್ಲರ ಮುಂದೆ ಬೈದ್ರಿ. ಇವತ್ತು ನಾನೊಬ್ಳೇ ಇರೋವಾಗ ಹೇಳ್ತಿದೀರ."

ಒಳಗೆ ಸೊಸೆಯಿದ್ದಳು. ಪಕ್ಕದ ಮನೆಯ ಬಾಗಿಲಲ್ಲಿ ಇಬ್ಬರು ಹೆಂಗಸರಿದ್ದರು. ಮೂವರನ್ನೂ ಕರೆದೆ. ಪ್ರಿಂಟರು ತಂದವಳು ನಾನು, ತಿಳಿಯದೆ ಬೈದವಳೂ ನಾನು, ಪರೀಕ್ಷೆ ನಡೆಸಿದವರು ಇವರು ಎಂದು ಮೊದಲಿನಿಂದ ಹೇಳಿದೆ.

ಶಾಂತಮ್ಮ ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿ, ನನಗೆ ಕೂರಲು ಜಾಗ ಮಾಡಿದರು.