ಎಡಗೈ ಹೊಲಿಗೆಯ ಚಾವಣಿ

ಇಪ್ಪತ್ತೆರಡು ವರ್ಷ ರೆಸಾರ್ಟಿನ ಚಾವಣಿಗೆ ಗರಿ ಹೊಲಿದ ದೊನ್ ಕಂಬುಲೋ ಒಂದು ದಿನವೂ ಆ ಚಾವಣಿಯ ಕೆಳಗೆ ಕಾಲು ಚಾಚಿದವಳಲ್ಲ. ನಮ್ಮ ದ್ವೀಪದ ಹೆಂಗಸರು ತೆಂಗಿನ ಗರಿಯನ್ನು ನೆನೆಸಿ, ಕೋಲಿಗೆ ಮಡಿಸಿ, ನಾರಿನ ಹುರಿಯಿಂದ ಹೊಲಿದು ತಟ್ಟಿ ಮಾಡುತ್ತಾರೆ. ದೋಣಿ ಅವನ್ನು ಹೇರಿಕೊಂಡು ಅರ್ಧ ತಾಸಿನ ದಾರಿಯ ರೆಸಾರ್ಟಿಗೆ ಒಯ್ಯುತ್ತದೆ. ಅಲ್ಲಿ ನೀರಿನಲ್ಲಿ ಕಂಬ ನೆಟ್ಟು ಕಟ್ಟಿದ ವಿಲ್ಲಾಗಳಲ್ಲಿ ಎಲ್ಲೆಲ್ಲಿಂದಲೋ ಬಂದವರು ಅಂಗಾತ ಮಲಗಿ ಆ ಗರಿಯನ್ನು ನೋಡುತ್ತಾರೆ. ಅರವತ್ತೊಂದು ವರ್ಷದ ಕಂಬುಲೋಗೆ ಇದೊಂದು ಹೊಟ್ಟೆಯುರಿ.

ಮಳೆಗಾಲ ಹಿಡಿದ ವಾರವೇ, ರೆಸಾರ್ಟಿನಲ್ಲಿ ಕೆಲಸಕ್ಕಿದ್ದ ತಂಗಿಯ ಮಗಳು ನಾಹುಲಾ ಫೋನ್ ಮಾಡಿದಳು.

"ದೊಡ್ಡಮ್ಮ, ಅರ್ಧಕ್ಕರ್ಧ ವಿಲ್ಲಾ ಖಾಲಿ ಹೊಡೀತಿದೆ. ನಮ್ಮೋರಿಗೆ ಅಂತ ರೇಟು ಇಳಿಸಿದಾರೆ. ಇಬ್ಬರಿಗೆ ಒಂದು ದಿನ, ಊಟ ತಿಂಡಿ ಸೇರಿ ಎರಡೂವರೆ ಸಾವಿರ ರೂಫಿಯಾ. ಬಿಸಿಲುಗಾಲದಲ್ಲಿ ಅಷ್ಟು ದುಡ್ಡಿಗೆ ಬಾಗಿಲಲ್ಲಿ ನಿಲ್ಲೋಕೂ ಬಿಡಲ್ಲ!"

"ಹದಿನೇಳನೇ ನಂಬರ್ ಸಿಗುತ್ತಾ? ಹೋದ ವರ್ಷ ಅದಕ್ಕೆ ನಾನೇ ತಟ್ಟಿ ಕಳಿಸಿದ್ದು."

"ಸಿಗುತ್ತೆ. ದೊಡ್ಡಪ್ಪನ್ನೂ ಕರ್ಕೊಂಡು ಬಾ."

ದೊಡ್ಡಪ್ಪ, ಅಂದರೆ ಕಂಬುಲೋಳ ಗಂಡ ಅಲೀಫುಳು, ನಲವತ್ತು ವರ್ಷ ಟ್ಯೂನಾ ಮೀನು ಹಿಡಿದವನು. ಅವನು ಮೊದಲು ಮುಖ ಸಿಂಡರಿಸಿದ. "ಹುಟ್ಟಿದಾಗಿಂದ ನೀರಿನ ಮೇಲೇ ಬದುಕಿದೀನಿ. ಈಗ ಅದಕ್ಕೆ ದುಡ್ಡು ಬೇರೆ ಕೊಡ್ಬೇಕಾ?" ತಿಂಡಿಯನ್ನು ಎಷ್ಟು ಸಲ ಬಡಿಸಿಕೊಂಡರೂ ಯಾರೂ ಕೇಳುವುದಿಲ್ಲ ಎಂದು ಗೊತ್ತಾದ ಮೇಲೆ ತಾನೇ ಅಂಗಿಗೆ ಇಸ್ತ್ರಿ ಹಾಕಿಕೊಂಡ.

ಆ ಹದಿನೇಳರ ಹಟಕ್ಕೆ ಕಾರಣ ಹರೀರಾ. ಅವಳು, ಕಂಬುಲೋ ಇಬ್ಬರೂ ಚಿಕ್ಕಂದಿನ ಗೆಳತಿಯರು. ಒಂದೇ ಉಯ್ಯಾಲೆಯ ಮೇಲೆ ಕೂತು, ಒಂದೇ ಅಡಿಕೆಯನ್ನು ಎರಡು ಹೋಳು ಮಾಡಿ ಜಗಿದು ಬೆಳೆದವರು. ಹರೀರಾ ಎಡಚಿ, ಅವಳ ಹೊಲಿಗೆ ಎಡಕ್ಕೆ ಓಡುತ್ತದೆ. ಕಂಬುಲೋಳದು ಬಲಕ್ಕೆ, ಕೊನೆಯಲ್ಲಿ ಜೋಡಿ ಗಂಟು. ಆ ಜೋಡಿ ಗಂಟಿನ ಜಂಬವನ್ನು ಕೇಳದ ಕಿವಿ ನಮ್ಮ ದ್ವೀಪದಲ್ಲಿಲ್ಲ. ಒಂಬತ್ತು ವರ್ಷದ ಹಿಂದೆ ದಡದ ನೆರಳಿನಲ್ಲಿ ಎಲ್ಲರೂ ಹೊಲಿಯುತ್ತ ಕೂತಿದ್ದಾಗ ಅವಳ ನಾಲಿಗೆ ತುರಿಸಿತು. "ಹರೀರಾಳ ಎಡಗೈ ಹೊಲಿಗೆ ಕೆಳಗೆ ಮಲಗೋರು ಕೊಡೆ ಹಿಡ್ಕೊಂಡೇ ಮಲಗ್ಬೇಕು" ಅಂದುಬಿಟ್ಟಳು. ಇಪ್ಪತ್ತು ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹರೀರಾ ನಗಲಿಲ್ಲ. ಕೋಲು, ಹುರಿ ಎತ್ತಿಕೊಂಡು ಮನೆಗೆ ಹೋದವಳು ಆಮೇಲೆ ತನ್ನ ಅಂಗಳದಲ್ಲೇ ಹೊಲಿದಳು, ಕಂಬುಲೋ ಜೊತೆ ಒಂದು ಮಾತೂ ಆಡಲಿಲ್ಲ. ಕ್ಷಮೆ ಕೇಳಬೇಕು ಎಂದು ಕಂಬುಲೋಗೆ ಎಷ್ಟೋ ಸಲ ಅನ್ನಿಸಿತ್ತು. ಆದರೆ ಕೇಳಿದರೆ ತಾನು ಹೇಳಿದ್ದು ಸುಳ್ಳು ಎಂದು ಒಪ್ಪಿದಂತೆ. ತನ್ನ ಚಾವಣಿಯ ಕೆಳಗೆ ಮಳೆಯಲ್ಲೂ ಮೈ ನೆನೆಯದೆ ಮಲಗಿ ಬಂದರೆ ತನ್ನ ಮಾತೇ ಸರಿ ಎಂದು ಊರಿಗೆಲ್ಲ ಸಾರಬಹುದಲ್ಲ!

ವಿಲ್ಲಾದ ಬಾಗಿಲು ತೆರೆದದ್ದೇ ತಡ, ಗಂಡ ಹೆಂಡತಿ ಇಬ್ಬರಿಗೂ ತಲೆ ತಿರುಗಿತು. ಹಾಸಿಗೆ ಒಂದು ಸಣ್ಣ ದೋಣಿಯಷ್ಟಿತ್ತು. ನೆಲದ ನಡುವೆ ಗಾಜು, ಗಾಜಿನ ಕೆಳಗೆ ಸಮುದ್ರ. ಅಲೀಫುಳು ಸ್ನಾನದ ಬಿಳಿ ನಿಲುವಂಗಿ ತೊಟ್ಟು ಗಾಜಿನ ಮೇಲೆ ಬೋರಲಾದ.

"ಇದು ಸಾರಿಗೆ. ಅದು ಹುರಿಯೋಕೆ. ಓ, ಓ, ಆ ದಪ್ಪಗಿರೋನು ಬಂದ ನೋಡೇ!"

"ಗಾಜಿಗೆ ಜೊಲ್ಲು ಸುರಿಸ್ಬೇಡ" ಎನ್ನುತ್ತ ಕಂಬುಲೋ ಹಾಸಿಗೆಯ ಮೇಲೆ ಕೂತು ಕುಣಿದಳು. ಇನ್ನೊಮ್ಮೆ ಕುಣಿದಳು. ಬಾಗಿಲು ಹಾಕಿದೆಯೇ ಎಂದು ನೋಡಿ ಮೂರನೆಯ ಸಲವೂ ಕುಣಿದಳು. ಆಮೇಲೆ ಅಂಗಾತ ಮಲಗಿ, ತನ್ನ ಹೊಲಿಗೆಯನ್ನು ಕಣ್ತುಂಬಿಕೊಳ್ಳಲು ಮೇಲೆ ನೋಡಿದಳು.

ಹೊಲಿಗೆ ಎಡಕ್ಕೆ ಓಡಿತ್ತು.

ಎದ್ದು ಮೂಲೆ ಮೂಲೆ ನೋಡಿದಳು. ಕೆಳಗಿನಿಂದ ಕಂಡದ್ದೆಲ್ಲ ಎಡಕ್ಕೇ. ದೋಣಿಗೆ ಹೇರುವಾಗ ಯಾರದೋ ಕಟ್ಟು ಯಾರದರ ಜೊತೆಗೋ ಬೆರೆತಿರಬೇಕು. ಒಂದು ಕ್ಷಣ ಅವಳ ಮುಖ ಬಾಡಿತು, ಮರುಕ್ಷಣವೇ ಅರಳಿತು.

"ಇದು ಹರೀರಾಳದು! ಇನ್ನೂ ಒಳ್ಳೇದಾಯ್ತು! ಮಳೆ ಬರಲಿ, ಸೋರೋದನ್ನ ಕಣ್ಣಾರೆ ನೋಡ್ತೀನಿ. ಏಳು ಮೇಲೆ, ಪಾತ್ರೆ ಇಡು!"

ಕಾಫಿ ಕಪ್ಪು, ಗಾಜಿನ ಲೋಟ, ಐಸ್ ಬಕೆಟ್ಟು, ಸೋಪಿನ ಬಟ್ಟಲು, ಹೀಗೆ ಹಣ್ಣಿನ ಬುಟ್ಟಿಯೊಂದನ್ನು ಬಿಟ್ಟು ಸಿಕ್ಕಿದ್ದೆಲ್ಲ ನೆಲಕ್ಕೆ ಬಂತು. ಮಧ್ಯಾಹ್ನ ಮೂರಕ್ಕೆ ಆಕಾಶ ಕಪ್ಪಾಯಿತು. ಪಕ್ಕದ ವಿಲ್ಲಾದ ಪ್ರವಾಸಿಗಳು ಜೋಲು ಮೋರೆ ಹಾಕಿಕೊಂಡು ಒಳಗೆ ಹೋದರೆ, ಕಂಬುಲೋ ಜಗಲಿಯಲ್ಲಿ ನಿಂತು "ಬಾ, ಬಾ, ಇನ್ನೂ ಜೋರಾಗಿ ಬಾ" ಎಂದು ಚಪ್ಪಾಳೆ ತಟ್ಟಿದಳು. ಮಳೆ ಹೇಳಿ ಕಳಿಸಿದಂತೆ ಧೋ ಎಂದು ಸುರಿಯಿತು.

ನಾಹುಲಾ ಓಡಿ ಬಂದು, ನೆಲದ ತುಂಬ ಪಾತ್ರೆ ಕಂಡು ಎದೆ ಹಿಡಿದುಕೊಂಡಳು. "ಅಯ್ಯೋ, ಸೋರ್ತಿದ್ಯಾ ದೊಡ್ಡಮ್ಮ?"

"ಇನ್ನೂ ಇಲ್ಲ ಕಣೇ. ಕಾಯ್ತಾ ಇದೀನಿ."

ಒಂದು ತಾಸಾಯಿತು. ಕಪ್ಪುಗಳು ಒಣಗಿದ್ದವು. ಕಂಬುಲೋ ಒಂದೊಂದರೊಳಗೂ ಬೆರಳಾಡಿಸಿ ನೋಡಿದಳು. ಇನ್ನರ್ಧ ತಾಸು ಕಳೆಯಿತು. ಅಷ್ಟರಲ್ಲಿ ಬಾಗಿಲ ಹತ್ತಿರದ ಕಪ್ಪಿನಲ್ಲಿ "ಟಪ್" ಎಂದಿತು.

"ಬಿತ್ತು! ಬಿತ್ತು! ನಾನು ಹೇಳ್ಲಿಲ್ವಾ?" ಕಂಬುಲೋ ನಿಂತಲ್ಲೇ ಜಿಗಿದಳು. "ಅಲೀಫುಳೂ, ಕುರ್ಚಿ ಹತ್ತು, ಆ ತಟ್ಟಿ ನೋಡು!"

ಅಲೀಫುಳು ನಿಲುವಂಗಿಯನ್ನು ಎತ್ತಿ ಕಟ್ಟಿ ಕುರ್ಚಿ ಹತ್ತಿದ. ನೋಡಿದ. ಕೆಮ್ಮಿದ.

"ಹೇಳೋ, ಎಡಕ್ಕೆ ತಾನೇ?"

"ಇದೊಂದು ಬಲಕ್ಕಿದೆ ಕಣೇ."

"ಬಲಕ್ಕಾ?"

"ಹೂಂ. ಕೊನೇಲಿ ಜೋಡಿ ಗಂಟು."

ಕಪ್ಪಿನಲ್ಲಿ ಮತ್ತೆ "ಟಪ್" ಎಂದಿತು. ಕಂಬುಲೋ ಗಂಡನ ಮುಖ ನೋಡಿದಳು, ಕಪ್ಪು ನೋಡಿದಳು, ಇಡೀ ಚಾವಣಿಯನ್ನು ನೋಡಿದಳು. ನಗು ಎಲ್ಲಿತ್ತೋ, ಒಮ್ಮೆಗೇ ನುಗ್ಗಿತು. ನೆಲದ ಮೇಲೆ ಕುಸಿದು, ಕಪ್ಪು ಲೋಟಗಳ ನಡುವೆ ಉರುಳಾಡಿ ನಕ್ಕಳು. ಅಲೀಫುಳು ಕುರ್ಚಿಯ ಮೇಲೇ ನಿಂತು ನಕ್ಕ. ನಾಹುಲಾಗೆ ಏನೂ ಅರ್ಥವಾಗದಿದ್ದರೂ ನಕ್ಕಳು. ನಗುನಗುತ್ತಲೇ ಕಂಬುಲೋಳ ಕಣ್ಣಲ್ಲಿ ನೀರು ಬಂತು. ಒಂಬತ್ತು ವರ್ಷ ಗೆಳತಿಯನ್ನು ದೂರ ಮಾಡಿಕೊಂಡದ್ದು ಇಂಥ ಒಂದು ಸುಳ್ಳಿಗಾಗಿ ಎಂದು ಅವಳಿಗೆ ಸಂಕಟವಾಯಿತು.

ಮರುದಿನ ತಿಂಡಿಯನ್ನು ನಾಲ್ಕು ಸಲ ಬಡಿಸಿಕೊಂಡ ಅಲೀಫುಳುವನ್ನು ದೋಣಿಗೆ ಎಳೆದು ತಂದಳು. ನಮ್ಮ ದಡ ಮುಟ್ಟಿದಾಗ ಸುಡುಬಿಸಿಲು. ಕಂಬುಲೋ ಕೊಡೆ ಬಿಚ್ಚಿ ಹಿಡಿದು ಊರಿನ ನಡುವೆಯೇ ನಡೆದಳು. "ಏನಮ್ಮಾ, ಮಳೆ ಎಲ್ಲಿ?" ಎಂದವರಿಗೆ "ನನ್ನ ತಲೆ ಮೇಲೆ" ಎಂದಳು. ಹಿಂದೆ ನಾಲ್ಕಾರು ಹೆಂಗಸರು ಗುಂಪು ಕೂಡಿದರು. ಅದೇ ಅವಳಿಗೆ ಬೇಕಾಗಿತ್ತು. ಎಲ್ಲರೆದುರು ಆಡಿದ್ದನ್ನು ಎಲ್ಲರೆದುರೇ ಹಿಂದೆಗೆದುಕೊಳ್ಳಬೇಕಿತ್ತು.

ಹರೀರಾ ಅಂಗಳದ ಗರಿ ಚಪ್ಪರದ ಕೆಳಗೆ ಉಯ್ಯಾಲೆಯ ಮೇಲೆ ಕೂತು ಹೊಲಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ಹರೀರಾ, ಹದಿನೇಳನೇ ವಿಲ್ಲಾದಲ್ಲಿ ಮಲಗಿ ಬಂದೆ" ಎಂದು ಕಂಬುಲೋ ಬಿಸಿಲಿನಲ್ಲೇ ನಿಂತು ಗಟ್ಟಿಯಾಗಿ ಹೇಳಿದಳು. "ಚಾವಣಿ ಪೂರ್ತಿ ನಿಂದು, ಒಂದು ತಟ್ಟಿ ಮಾತ್ರ ನಂದು. ಸೋರಿದ್ದು ಅದೊಂದೇ. ಕೊಡೆ ಬೇಕಾಗಿರೋದು ನನ್ನ ಹೊಲಿಗೆಗೆ. ಅವತ್ತು ನಾನಾಡಿದ್ದು ತಪ್ಪು ಕಣೇ."

ಹರೀರಾಳ ಎಡಗೈ ನಿಂತಿತು. "ಎಷ್ಟು ಸೋರ್ತು?"

"ಮೂರು ಕಪ್ಪು."

"ಹೇಳ್ತಿರೋದು ನೀನು ತಾನೇ? ಹಾಗಾದ್ರೆ ಆರು."

ಹೆಂಗಸರೆಲ್ಲ ಗೊಳ್ಳೆಂದರು. ಈ ಸಲ ಹರೀರಾ ಕೂಡ ನಕ್ಕಳು. ಉಯ್ಯಾಲೆಯ ಒಂದು ತುದಿಗೆ ಸರಿದು, ಅಡಕತ್ತರಿ ತೆಗೆದು ಅಡಿಕೆಯೊಂದನ್ನು ಎರಡು ಹೋಳು ಮಾಡಿದಳು.

"ಕೊಡೆ ಮಡಚಿ ಒಳಗೆ ಬಾರೇ ಕಂಬೂ" ಎಂದಳು. "ಇದು ನಾನು ಹೊಲಿದಿದ್ದು."