ತುಳುವೆಂದು ತಿಳಿದ ಮಾತು

ಔರಂಗಾಬಾದಿನ ನಮ್ಮ ಮನೆಯಲ್ಲಿ ಸೌಟಿಗೆ ಮೂರು ಭಾಷೆಯ ಮೂರು ಹೆಸರಿದ್ದವು; ಆದರೂ ಅಜ್ಜಿ ಸೌಟು ಕೇಳಿದರೆ ನಾನು ಲಟ್ಟಣಿಗೆ ತಂದುಕೊಡುತ್ತಿದ್ದೆ. ಗುಲ್ಬರ್ಗದಿಂದ ಬಂದ ಅಜ್ಜಿ, "ನೀ ಆಡೋದು ಕನ್ನಡ ಏನು? ನನಗ ಒಂದಕ್ಷರ ತಿಳೀವಲ್ದು" ಎಂದು ನಗುತ್ತಿದ್ದರು. ಮರಾಠಿ ಶಾಲೆಯಲ್ಲಿ ಕಲಿತವಳು ನಾನು. ಯಾರಿಗಾದರೂ ನನ್ನ ಮಾತು ತಿಳಿಯದಿದ್ದರೆ ತಪ್ಪು ನನ್ನ ಕನ್ನಡದ್ದೇ ಎಂದು ಒಪ್ಪಿಕೊಂಡುಬಿಟ್ಟಿದ್ದೆ. ಆ ವಿನಯವೇ ಒಬ್ಬರ ಪ್ರಾಣಕ್ಕೆ ಮುಳುವಾಗುವುದರಲ್ಲಿತ್ತು.

ಎಪ್ಪತ್ತರ ದಶಕದ ಮೊದಲ ವರ್ಷಗಳು, ನಾನಾಗ ವೈದ್ಯಕೀಯ ವಿದ್ಯಾರ್ಥಿನಿ. ಬಸ್ ನಿಲ್ದಾಣದ ಬಳಿ ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದ ಉಡುಪಿ ಕಡೆಯ ರಾಯರೊಬ್ಬರನ್ನು ಅವರ ಮರಾಠಿ ಕೆಲಸಗಾರರು ವಾರ್ಡಿಗೆ ಕರೆತಂದರು. ಬೆಳಗಿನಿಂದ ಏನೇನೋ ಮಾತಾಡುತ್ತಿದ್ದಾರೆ ಎಂಬುದಷ್ಟೇ ದೂರು. ಬಾಯಿ ಸೊಟ್ಟಗಾಗಿರಲಿಲ್ಲ, ಕೈಕಾಲು ಸ್ವಾಧೀನ ತಪ್ಪಿರಲಿಲ್ಲ. ಪಾರ್ಶ್ವವಾಯುವೆಂದರೆ ಅರ್ಧ ಮೈ ಬೀಳುವುದು ಎಂದಷ್ಟೇ ಉರು ಹೊಡೆದಿದ್ದ ನನಗೆ ಅದರ ನೆನಪೂ ಬರಲಿಲ್ಲ. ಮರಾಠಿಯಲ್ಲಿ ಕೇಳಿದ್ದಕ್ಕೆ ತಿಳಿಯುವಂಥ ಉತ್ತರ ಬಾರದಿದ್ದಾಗ, ಕನ್ನಡದವಳೆಂದು ಪ್ರೊಫೆಸರು ನನ್ನನ್ನೇ ಮುಂದೆ ತಳ್ಳಿದರು.

"ಕಣ್ಣು ಮುಚ್ರಿ, ಕೈ ಎತ್ರಿ" ಎಂದೆ. ರಾಯರು ಕಣ್ಣು ಮುಚ್ಚಲಿಲ್ಲ, ಕೈ ಎತ್ತಲಿಲ್ಲ. ನಿರರ್ಗಳವಾಗಿ, ಏರಿಳಿತದ ರಾಗದಲ್ಲಿ, ನನಗೊಂದೂ ಅರ್ಥವಾಗದಂತೆ ಏನೋ ಉತ್ತರಿಸಿದರು. ನನ್ನ ಕನ್ನಡ ಅವರಿಗೆ ತಿಳಿಯಲಿಲ್ಲ, ಅವರ ತುಳು ನನಗೆ ತಿಳಿಯಲಿಲ್ಲ, ಅಷ್ಟೇ ತಾನೆ? ಹಾಗೆಂದೇ ವರದಿ ಒಪ್ಪಿಸಿದೆ. ಮರುದಿನ ಅವರನ್ನು ಮನೆಗೆ ಕಳಿಸುವುದೆಂದಾಯಿತು.

ನಾಸಿಕದಲ್ಲಿ ತಮ್ಮ ತಂಗಿಯ ಮನೆಗೆ ಹೋಗಿದ್ದ ಅವರ ಹೆಂಡತಿ ಮರುದಿನ ಬಂದರು. ಗಂಡನ ಮಾತನ್ನು ತುಸು ಹೊತ್ತು ಕೇಳಿ, ಬಿಳಿಚಿಕೊಂಡು ನನ್ನತ್ತ ತಿರುಗಿದರು.

"ಇದು ತುಳು ಅಲ್ಲ ಮಾರಾಯ್ತಿ, ಕನ್ನಡವೂ ಅಲ್ಲ. ಇವರು ಎಂತ ಹೇಳ್ತಾ ಇದ್ದಾರೆ ಅಂತ ನನಗೇ ಗೊತ್ತಾಗುವುದಿಲ್ಲ!"

ಪ್ರೊಫೆಸರು ನಾಡಿ ಹಿಡಿದರು, ತಾಳ ತಪ್ಪಿತ್ತು. ಮಿದುಳಿನ ನಾಳದಲ್ಲೇ ರಕ್ತ ಹೆಪ್ಪುಗಟ್ಟಿತೋ, ಹೃದಯದಿಂದ ರಕ್ತದ ಗಡ್ಡೆ ತೇಲಿ ಬಂದು ಸಿಕ್ಕಿಕೊಂಡಿತೋ, ನಾಳವೇ ಒಡೆಯಿತೋ ಎಂಬುದನ್ನು ಆಗೆಲ್ಲ ಕೈಯಿಂದ, ಕಿವಿಯಿಂದ, ಪ್ರಶ್ನೆಗಳಿಂದಲೇ ಅಂದಾಜಿಸಬೇಕಿತ್ತು. ಇದೂ ಪಾರ್ಶ್ವವಾಯುವೇ, ಇವರದು ಹೃದಯದಿಂದ ಬಂದ ಗಡ್ಡೆ, ಮಿದುಳಿನಲ್ಲಿ ಮಾತನ್ನು ಅರಿಯುವ ಜಾಗದಲ್ಲೇ ಕೂತಿದೆ ಎಂದರು. ದಿಢೀರನೆ ಶುರುವಾಯಿತೇ ಎಂಬ ಮೊದಲ ಪ್ರಶ್ನೆಯನ್ನೇ ನಾನು ಯಾರನ್ನೂ ಕೇಳಿರಲಿಲ್ಲ. ಮನೆಗೆ ಕಳಿಸಿದ್ದರೆ ಇನ್ನೊಂದು ಗಡ್ಡೆ ಅವರನ್ನು ಕೊಂದುಬಿಡಬಹುದಿತ್ತು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಭಯವಾಯಿತು.

ನೀವಾದರೂ ಹೇಳಿ ಮಿತ್ರರೇ, ನನಗೆ ತಿಳಿಯದ ಮಾತು ಯಾವುದು, ಮಾತೇ ಅಲ್ಲದ್ದು ಯಾವುದು ಎಂದು ಗುರುತಿಸುವುದು ಹೇಗೆ? ಇಷ್ಟು ವರ್ಷ ರೋಗಿಗಳನ್ನು ನೋಡಿದ ಮೇಲೂ ನನಗೆ ಗೊಂದಲವೇ.

ಔಷಧಿ ಶುರುವಾಯಿತು. ನುಂಗಲು ಬರುತ್ತದೆಯೇ ಎಂದು ನೋಡಿಯೇ ಊಟ ಕೊಡಬೇಕು, ಸನ್ನೆ ಮಾಡಿ ನಿಧಾನವಾಗಿ ಮಾತಾಡಿಸಬೇಕು ಎಂದು ರಾಯರ ಹೆಂಡತಿಗೆ ವಿವರಿಸಿದೆ. ಎಲ್ಲ ಕೇಳಿಸಿಕೊಂಡು ಆಕೆ ಮೆಲ್ಲಗೆ ಕೇಳಿದರು: "ನಾನು ಬಂದದ್ದಾದರೂ ಇವರಿಗೆ ಗೊತ್ತಾಗಿದೆಯಾ?"

ಅಷ್ಟರಲ್ಲಿ ರಾಯರು ಕಾಲು ಮಡಚಿಕೊಂಡು, ಹೊದಿಕೆ ಸರಿಸಿ, ಮಂಚದ ತುದಿಯಲ್ಲಿ ಆಕೆಗೆ ಕೂರಲು ಜಾಗ ಮಾಡಿಕೊಟ್ಟರು.